ಥಂಡರ್‌ಬರ್ಡ್‌ನಲ್ಲಿ ಮೇಲ್‌ಗೆ ಡಿಜಿಟಲ್ ಸಹಿ: ದೀರ್ಘ ಬಳಕೆಯ ನಂತರ

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಓಪನ್‌ಪಿಜಿಪಿ (ಮೇಲ್‌ಗೆ ಸಹಿ ಹಾಕುವ, ಅದನ್ನು ಗುಟ್ಟಾಗಿಸುವ ಒಂದು ವಿಧಾನ) ಸಹಿಗೆ ಮೊದಲು ಎನಿಗ್‌ಮೇಲ್ ಎಂಬ ಆಡ್‌ಆನ್ ಹಾಕಿಕೊಳ್ಳಬೇಕಿತ್ತು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಆ ಸೌಲಭ್ಯ ಥಂಡರ್‌ಬರ್ಡ್‌ನ ಒಳಗೇ ಇದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪುಟದಲ್ಲಿ ಆಡ್ ಕೀ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಕೀ ಸಿದ್ಧ: ಸಹಿ ಹಾಕಲು ನಿಮ್ಮಲ್ಲೇ ಉಳಿಯುವ ಖಾಸಗಿ ಕೀ, ಆ ಸಹಿಯನ್ನು ಪರಿಶೀಲಿಸಲು ಇತರರಿಗೆ ಕೊಡುವ ಸಾರ್ವಜನಿಕ ಕೀ. ಅವಧಿ 3 ವರ್ಷ ಎಂದು ತಾನೇ ತುಂಬಿರುತ್ತದೆ, ಹಾಗೇ ಬಿಡಿ. ಮುಗಿಯುವ ಮೊದಲು ಅದೇ ಕೀಯ ಅವಧಿ ವಿಸ್ತರಿಸಬಹುದು. ವಿಸ್ತರಿಸಿದ ಮೇಲೆ ಸಾರ್ವಜನಿಕ ಕೀಯನ್ನು ಎಲ್ಲರಿಗೂ ಮತ್ತೆ ಕಳಿಸಲು ಮರೆಯಬೇಡಿ. ಇಲ್ಲವಾದರೆ ಅವರ ಕಡೆ ಅದು ಅವಧಿ ಮುಗಿದ ಕೀಯಾಗಿಯೇ ಕಾಣುತ್ತದೆ.

ಇದರ ನಿಜವಾದ ಉಪಯೋಗ ಹಣದ ವ್ಯವಹಾರದಲ್ಲಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಿಲ್ಲಿನ ಹಣ ಇದಕ್ಕೆ ಹಾಕಿ" ಎಂಬ ಮೇಲ್ ಬಂದಾಗ ನಂಬುವುದು ಹೇಗೆ? ಮೇಲ್ ಸರ್ವರ್ ಹಾಕುವ ಡಿಕೆಐಎಂ ಸಹಿ ಡೊಮೇನ್‌ನದು (ವಿಳಾಸದಲ್ಲಿ @ ನಂತರದ ಭಾಗದ್ದು), ವ್ಯಕ್ತಿಯದಲ್ಲ. ಪಾಸ್‌ವರ್ಡ್ ಕದ್ದವನು ಕಳಿಸಿದ ಮೇಲ್‌ಗೂ ಅದು ಬೀಳುತ್ತದೆ. ಆದರೆ ಓಪನ್‌ಪಿಜಿಪಿಯ ಖಾಸಗಿ ಕೀ ಕಳಿಸುವವರ ಕಂಪ್ಯೂಟರ್‌ನಲ್ಲೇ ಇರುತ್ತದೆ. ಪಾಸ್‌ವರ್ಡ್ ಒಂದರಿಂದ ಆ ಸಹಿ ಹಾಕಲಾಗದು.

ಆದರೆ ಬರೀ ಸಹಿ ಇದ್ದರೆ ಸಾಲದು, ಕೀ ಯಾರದೆಂದು ಖಚಿತವಾಗಬೇಕು. ಅದೇ ಹೆಸರು, ಅದೇ ವಿಳಾಸ ಹಾಕಿ ಯಾರು ಬೇಕಾದರೂ ಕೀ ಮಾಡಬಹುದು. ಹಾಗಾಗಿಯೇ ಮೊದಲ ಸಲ ಥಂಡರ್‌ಬರ್ಡ್ ಸಹಿಯನ್ನು ಅನಿಶ್ಚಿತ ಎಂದು ತೋರಿಸುತ್ತದೆ. ಹಳೆಯ, ಗೊತ್ತಿರುವ ನಂಬರಿಗೆ ಫೋನ್ ಮಾಡಿ ಫಿಂಗರ್‌ಪ್ರಿಂಟ್‌ನ (ಕೀಯ ಗುರುತಿನ ಸಂಕೇತದ) 40 ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದಿಸಿ, ತಾಳೆಯಾದ ಮೇಲಷ್ಟೇ "ಪರಿಶೀಲಿಸಿದ್ದೇನೆ" ಎಂಬುದನ್ನು ಆರಿಸಿ. ಅದೇ ಮೇಲ್‌ನಲ್ಲಿ ಬಂದ ನಂಬರಿಗೆ ಕರೆ ಮಾಡಲೇಬೇಡಿ.

ಕಿರಿಕಿರಿಗಳೂ ಇವೆ. ಕಚೇರಿಯ ಗೇಟ್‌ವೇ (ಮೇಲ್‌ಗಳು ಹಾದುಹೋಗುವ ಸರ್ವರ್) ಮೇಲ್‌ನ ಕೆಳಗೆ ಡಿಸ್‌ಕ್ಲೈಮರ್ ಅಂಟಿಸಿದರೆ ಸಹಿ ತಾಳೆಯಾಗದೆ ಹೋಗಬಹುದು, ಏಕೆಂದರೆ ಸಹಿಯಾದ ಪಠ್ಯದಲ್ಲಿ ಒಂದಕ್ಷರ ಬದಲಾದರೂ ಲೆಕ್ಕ ತಪ್ಪುತ್ತದೆ. ಓಪನ್‌ಪಿಜಿಪಿ ಗೊತ್ತಿಲ್ಲದ ವೆಬ್‌ಮೇಲ್‌ನಲ್ಲಿ ಸಹಿಯು ಎಎಸ್‌ಸಿ ಎಂಬ ಬಾಲವಿರುವ ಲಗತ್ತಾಗಿ ಕಾಣುತ್ತದೆ. ವೈರಸ್ ಅಲ್ಲವೆಂದು ಮೊದಲೇ ತಿಳಿಸಿಡಿ. ಇನ್ನು, ಸಹಿ ಹಾಕಿದ ಮಾತ್ರಕ್ಕೆ ಮೇಲ್ ಗುಟ್ಟಾಗುವುದಿಲ್ಲ. ಕಾನೂನಿನ ಮಾನ್ಯತೆ ಬೇಕಿದ್ದರೆ 2000ದ ಐಟಿ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆಯ ಡಿಜಿಟಲ್ ಸಹಿ ಪ್ರಮಾಣಪತ್ರವೇ (ಡಿಎಸ್‌ಸಿ) ಬೇಕು.

ಥಂಡರ್‌ಬರ್ಡ್‌ನಲ್ಲಿರುವ ಕೀಗಳಿಗೆ ಬೀಗದಂತಿರುವ ಪ್ರೈಮರಿ ಪಾಸ್‌ವರ್ಡ್ ಅನ್ನು ತಪ್ಪದೆ ಹಾಕಿ. ಅದಿಲ್ಲದಿದ್ದರೆ ತೆರೆದಿಟ್ಟ ಲ್ಯಾಪ್‌ಟಾಪ್ ಮುಂದೆ ಕೂತವರೆಲ್ಲ ನಿಮ್ಮ ಹೆಸರಲ್ಲಿ ಸಹಿ ಹಾಕಬಹುದು. ಕೀ ಮಾಡಿದ ದಿನವೇ ಖಾಸಗಿ ಕೀಯ ಬ್ಯಾಕಪ್ ಪೆನ್‌ಡ್ರೈವ್‌ಗೆ ತೆಗೆದಿಡಿ: ಹೊಸ ಯಂತ್ರದಲ್ಲಿ ಐಮ್ಯಾಪ್ (ಸರ್ವರ್‌ನಿಂದ ಮೇಲ್ ತರುವ ವ್ಯವಸ್ಥೆ) ಹಳೆಯ ಮೇಲ್‌ಗಳನ್ನೆಲ್ಲ ತರುತ್ತದೆ, ಕೀಯನ್ನು ತರುವುದಿಲ್ಲ.