ಎದ್ದು ನಿಲ್ಲಿಸುವುದೋ, ಚೀಟಿ ಬರೆಸುವುದೋ, ಟೀ ಕೊಡುವುದೋ? ಸಭೆಗೆ ಬಂದ ಹೊಸಬರನ್ನು ಬರಮಾಡಿಕೊಳ್ಳುವ ವಿಧಾನಗಳ ಹೋಲಿಕೆ

ಬೆಂಗಳೂರಿನ ಕನ್ನಡ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ, ಅಂದರೆ ಚರ್ಚುಗಳಿಗೆ, ಭಾನುವಾರ ಮೊದಲ ಸಲ ಬಂದು ಕೂರುವವರಲ್ಲಿ ಬಹಳ ಮಂದಿ ಆರಾಧನೆಗೆ ಹೊಸಬರಲ್ಲ, ಊರಿಗೆ ಹೊಸಬರು. ಧಾರವಾಡ, ಬೆಟಗೇರಿ, ಮಂಗಳೂರು, ಕೊಳ್ಳೇಗಾಲದ ಕಡೆಯಿಂದ ಕೆಲಸಕ್ಕೋ ಓದಿಗೋ ಬಂದವರು. ಸಿಎಸ್‌ಐ ಹಲವು ಪಂಗಡಗಳು ಕೂಡಿ ಆಗಿದ್ದು 1947ರಲ್ಲಿ. ಆದರೆ ಕರಾವಳಿ ಸಭೆಗಳ ಬೇರು ಬಾಸೆಲ್ ಮಿಶನ್ನಿನದು, ಬೆಂಗಳೂರಿನವು ಬೆಳೆದದ್ದು ಲಂಡನ್ ಮಿಶನ್ ಮತ್ತು ವೆಸ್ಲಿಯನ್ ಮಿಶನ್ನಿನವರ ಕೈಯಲ್ಲಿ, ಬೀದರಿನ ಕಡೆಯವರು ಆ ಕೂಟಕ್ಕೆ ಸೇರದ ಮೆಥೋಡಿಸ್ಟರು. ಹಾಗಾಗಿ ಸಂಗೀತ ಪುಸ್ತಕದ ಅದೇ ಗೀತೆಯನ್ನು ಬೇರೆ ರಾಗದಲ್ಲಿ ಹಾಡಿ ಬೆಳೆದವರು ಎರಡನೇ ಸಾಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಹೊಸಬರ ಮುಜುಗರ ಶುರುವಾಗುವುದೇ ಅಲ್ಲಿಂದ. ಆ ಮುಜುಗರವನ್ನು ಯಾವ ವಿಧಾನ ಕಡಿಮೆ ಮಾಡುತ್ತದೆ, ಯಾವುದು ಹೆಚ್ಚಿಸುತ್ತದೆ ಎನ್ನುವುದೇ ನಡೆಸಿ ನೋಡಿದ ಮೇಲೆ ನಮಗೆ ಉಳಿದ ಅಳತೆಗೋಲು.

ಪ್ರಕಟನೆಯ ಹೊತ್ತಿನಲ್ಲಿ "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಿ" ಅನ್ನುವುದು ಹಳೆಯ ಪದ್ಧತಿ. ಖರ್ಚಿಲ್ಲ, ಎರಡು ನಿಮಿಷ ಸಾಕು. ಐವತ್ತು ಜನರೊಳಗಿನ ಸಭೆಯಲ್ಲಿ ಇದು ಸರಿಯೇ, ಅಲ್ಲಿ ಹೇಗಿದ್ದರೂ ಎಲ್ಲರೂ ತಿರುಗಿ ನೋಡಿರುತ್ತಾರೆ. ಇನ್ನೂರು ಜನರ ಸಭೆಯಲ್ಲಿ ಮೈಕ್ ಕೈಗೆ ಬಂದ ಕೂಡಲೇ ಅರ್ಧ ಜನ ಹೆಸರನ್ನೂ ಸರಿಯಾಗಿ ಹೇಳುವುದಿಲ್ಲ. ದುಃಖದಲ್ಲಿ ಒಬ್ಬರೇ ಬಂದವರು, ಗಂಡನಿಂದ ದೂರವಾದ ಹೆಣ್ಣುಮಕ್ಕಳು, ಸುಮ್ಮನೆ ಹಿಂದೆ ಕೂತು ಹೋಗೋಣವೆಂದು ಬಂದ ಅನ್ಯಧರ್ಮದವರು ಏಳುವುದೇ ಇಲ್ಲ, ಮುಂದಿನ ವಾರ ಬರುವುದೂ ಇಲ್ಲ. ಹಾಗಂತ ಪೂರ್ತಿ ಕೈಬಿಡಬೇಡಿ. ಹಳ್ಳಿಯ ಸಭೆಯಿಂದ ಬಂದ ಹಿರಿಯರಿಗೆ ತಮ್ಮ ಹೆಸರನ್ನು ಎಲ್ಲರೆದುರು ಹೇಳದಿದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅನ್ನಿಸುತ್ತದೆ. ಇದನ್ನು ಮೊದಲ ಭಾನುವಾರಕ್ಕಿಂತ, ಹಳೆಯ ಸಭೆಯ ವರ್ಗಾವಣೆ ಪತ್ರ ತಂದು ಸದಸ್ಯರಾಗುವ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಅವರಿಗೆ ಐದಾರು ಮುಖಗಳಾದರೂ ಗೊತ್ತಿರುತ್ತವೆ, ನಿಲ್ಲುವುದು ಗೌರವವಾಗುತ್ತದೆ.

ಪರಿಚಯ ಚೀಟಿ ಇದಕ್ಕಿಂತ ಸೌಮ್ಯ. ಬೆಂಚಿನ ಮುಂದೆ ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ದಪ್ಪ ಕಾಗದ, ಜೊತೆಗೆ ಪೆನ್ಸಿಲ್. ಪೆನ್ಸಿಲ್ ಇಲ್ಲದ ಚೀಟಿ ಖಾಲಿಯಾಗಿಯೇ ಉಳಿಯುತ್ತದೆ. ಕೇಳಬೇಕಾದದ್ದು ನಾಲ್ಕೇ: ಹೆಸರು, ಫೋನ್, ಇರುವ ಬಡಾವಣೆ, ಫೋನ್ ಮಾಡಬಹುದಾದ ಹೊತ್ತು. ಹುಟ್ಟಿದ ದಿನ, ಮದುವೆಯ ದಿನ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ಸಭೆ ಅಂತ ಹನ್ನೊಂದು ಪ್ರಶ್ನೆ ಹಾಕಿದರೆ ಅದು ಸರ್ಕಾರಿ ಅರ್ಜಿಯಾಗುತ್ತದೆ. ಚೀಟಿ ಸೋಲುವುದು ಮುದ್ರಣದಲ್ಲಲ್ಲ, ಮುಂದಿನ ಹೆಜ್ಜೆಯಲ್ಲಿ. ಕಾಣಿಕೆ ಚೀಲಕ್ಕೆ ಬಿದ್ದ ಚೀಟಿಯನ್ನು ಹಣ ಎಣಿಸುವವರು ಪಕ್ಕಕ್ಕಿಡುತ್ತಾರೆ, ಅದು ಡ್ರಾಯರ್ ಸೇರುತ್ತದೆ, ತಿಂಗಳ ಕಮಿಟಿಯಲ್ಲಿ ಯಾರೋ "ಆ ಚೀಟಿಗಳು ಎಲ್ಲಿ?" ಅಂತ ಕೇಳುತ್ತಾರೆ. ಚೀಟಿಗಳನ್ನು ಅದೇ ಮಧ್ಯಾಹ್ನ ತೆಗೆದುಕೊಂಡು ಹೋಗಲು ಒಬ್ಬರನ್ನು ಹೆಸರು ಹೇಳಿ ನೇಮಿಸಿ. ಮಂಗಳವಾರ ಸಂಜೆಯೊಳಗೆ ಫೋನ್ ಹೋಗಬೇಕು. ಹತ್ತು ದಿನ ಬಿಟ್ಟು ಮಾಡಿದ ಫೋನಿಗೆ "ಯಾವ ಚರ್ಚು?" ಅನ್ನುವ ಉತ್ತರ ಬಂದರೆ ತಪ್ಪು ಅವರದಲ್ಲ.

ಚೀಟಿಯ ಬದಲು ವಾಟ್ಸಾಪ್ ಗುಂಪಿಗೆ ಸೇರಿಸಿಬಿಡೋಣ ಅನ್ನುವವರು ಎಲ್ಲ ಸಭೆಗಳಲ್ಲೂ ಇದ್ದಾರೆ. ಬೇಡ. ಇನ್ನೂರು ಅಪರಿಚಿತರಿಗೆ ಒಬ್ಬ ಹುಡುಗಿಯ ನಂಬರ್ ಕಾಣುತ್ತದೆ, ಬೆಳಿಗ್ಗೆ ಐದರಿಂದ ಫಾರ್ವರ್ಡ್‌ಗಳು ಸುರಿಯುತ್ತವೆ. ಬ್ರಾಡ್‌ಕಾಸ್ಟ್ ಪಟ್ಟಿಯಾದರೆ ನಂಬರ್ ಬೇರೆಯವರಿಗೆ ಕಾಣುವುದಿಲ್ಲ, ಆದರೆ ಕಳಿಸುವವರ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಮೊದಲ ಫೋನಿನಲ್ಲೇ ಇದನ್ನು ಹೇಳಿ.

ಇವೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬಾಗಿಲಲ್ಲಿ ಇಬ್ಬರು ಮತ್ತು ಆರಾಧನೆಯ ನಂತರದ ಟೀ ಮೇಜು. ಎರಡೂ ಒಟ್ಟಿಗೇ ಇರಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಕುಂಟುತ್ತದೆ.

ಬಾಗಿಲಿನವರು ಆರಾಧನೆಗೆ ಇಪ್ಪತ್ತು ನಿಮಿಷ ಮೊದಲೇ ನಿಲ್ಲಬೇಕು, ಮೊದಲ ಗೀತೆ ಮುಗಿದ ಮೇಲೂ ಹತ್ತು ನಿಮಿಷ ಇರಬೇಕು, ಯಾಕೆಂದರೆ ಹೊಸಬರು ದಾರಿ ಹುಡುಕಿಕೊಂಡು ತಡವಾಗಿಯೇ ಬರುತ್ತಾರೆ. ಒಬ್ಬರು ಗಂಡಸು, ಒಬ್ಬರು ಹೆಂಗಸು ಇರಲಿ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವ ಪದ್ಧತಿ ಇರುವ ಸಭೆಯಲ್ಲಿ ಹೊಸ ದಂಪತಿ ನಡುದಾರಿಯಲ್ಲೇ ತಬ್ಬಿಬ್ಬಾಗುತ್ತಾರೆ. ಅದನ್ನು ಬಾಗಿಲಲ್ಲೇ ಮೆಲ್ಲಗೆ ಹೇಳಬಹುದು. ಸಂಗೀತ ಪುಸ್ತಕವನ್ನು ಮೊದಲ ಗೀತೆಯ ಪುಟ ತೆರೆದೇ ಕೈಗೆ ಕೊಡಿ. ಹಿಂದಿನ ಎರಡು ಬೆಂಚುಗಳನ್ನು ಹೊಸಬರಿಗೆ, ಎಳೆಮಕ್ಕಳ ತಾಯಂದಿರಿಗೆ ಬಿಡಿಸಿಟ್ಟಿರಿ. ಕೂತವರನ್ನು "ಇದು ನಮ್ಮ ಜಾಗ" ಎಂದು ಎಬ್ಬಿಸುವ ಒಂದೇ ಮಾತು ಇಡೀ ವರ್ಷದ ಸ್ವಾಗತವನ್ನು ಅಳಿಸಿಹಾಕುತ್ತದೆ. ಹಿರಿಯ ಕುಟುಂಬಗಳಿಗೆ ಸಭಾಪಾಲಕರೇ (ಪಾದ್ರಿಗಳೇ) ಇದನ್ನು ಖಾಸಗಿಯಾಗಿ ಹೇಳಬೇಕು, ಆರಾಧನೆಯಲ್ಲಿ ಮಾಡುವ ಪ್ರಸಂಗದಲ್ಲಲ್ಲ.

ಮೇಜು ಎಲ್ಲಿ ಇಡುತ್ತೀರಿ ಅನ್ನುವುದು ಟೀಯ ರುಚಿಗಿಂತ ಮುಖ್ಯ. ದೇವಾಲಯದ ಹಿಂದಿನ ಹಾಲ್‌ನಲ್ಲಿಟ್ಟರೆ ಹಳಬರು ಮಾತ್ರ ಕುಡಿಯುತ್ತಾರೆ. ಬಾಗಿಲಿನಿಂದ ಗೇಟಿಗೆ ಹೋಗುವ ದಾರಿಯಲ್ಲೇ ಇರಲಿ, ಆರಾಧನೆ ಮುಗಿಸುವ ಆಶೀರ್ವಚನವಾದ ಕೂಡಲೇ ಬಗ್ಗಿಸುವುದಕ್ಕೆ ಸಿದ್ಧವಿರಲಿ. ಐದು ನಿಮಿಷ ತಡವಾದರೆ ಹೊಸಬರು ಆಟೋ ಹತ್ತಿರುತ್ತಾರೆ. ಅರವತ್ತು ಸಣ್ಣ ಲೋಟಕ್ಕೆ ಎರಡೂವರೆ ಲೀಟರ್ ಹಾಲು, ಮೂರು ಲೀಟರ್ ನೀರು, 100 ಗ್ರಾಂ ಟೀ ಪುಡಿ, 350 ಗ್ರಾಂ ಸಕ್ಕರೆ. ಸಕ್ಕರೆ ಹಾಕದ್ದನ್ನು ಒಂದು ಫ್ಲಾಸ್ಕ್ ಬೇರೆ ತೆಗೆದಿಡಿ. ಈ ಕೆಲಸವನ್ನು ಪ್ರತಿ ವಾರವೂ ಸ್ತ್ರೀಯರ ಕೂಟದ ಮೇಲೆ ಹಾಕಿದರೆ ಮೂರು ತಿಂಗಳಿಗೆ ನಿಲ್ಲುತ್ತದೆ. ಯೌವನಸ್ಥರು, ಗಾಯನ ಮಂಡಳಿ, ಕಮಿಟಿಯವರು ಸರದಿಯಲ್ಲಿ ಮಾಡಬೇಕು. ಬೆಳಿಗ್ಗೆ ಬಾಗಿಲಲ್ಲಿ ಮಾತಾಡಿಸಿದವರೇ ಹೊಸಬರನ್ನು ಮೇಜಿಗೆ ಕರೆತಂದು, ಅದೇ ಬಡಾವಣೆಯ ಒಬ್ಬರಿಗೆ ಪರಿಚಯಿಸಿದರೆ ಆ ದಿನಕ್ಕೆ ಸಾಕು.

ಇನ್ನೊಂದು ಸ್ವಾಗತ ಆರಾಧನೆಯೊಳಗೇ ಇದೆ, ನಾವೇ ಅದನ್ನು ಅವಸರದಲ್ಲಿ ಮುಗಿಸುತ್ತೇವೆ. ಸಿಎಸ್‌ಐ 1950ರಲ್ಲಿ ಹೊರತಂದ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿಯಿದೆ. ಪಕ್ಕದವರ ಅಂಗೈಗಳ ನಡುವೆ ತನ್ನ ಅಂಗೈ ಇಡುವ ಆ ಕ್ಷಣದಲ್ಲಿ ಹೊಸಬರು ಯಾರ ಕಣ್ಣಿಗೂ ಗುರಿಯಾಗುವುದಿಲ್ಲ, ಹೊರಗೂ ಉಳಿಯುವುದಿಲ್ಲ. ಹಿಂದಿನ ಬೆಂಚುಗಳ ತನಕ ಅದು ತಲುಪಿತೇ ಎಂದು ನೋಡಿಕೊಳ್ಳಿ.

ಮನೆ ಭೇಟಿಯಲ್ಲಿ ಎಚ್ಚರ ಬೇಕು. ಕುಟುಂಬವಾದರೆ ಎರಡನೇ ವಾರ, ಮೊದಲೇ ಕೇಳಿ, ಇಬ್ಬರು ಹಿರಿಯರು ಹೋಗಿ, ಅರ್ಧ ಗಂಟೆಯೊಳಗೆ ಎದ್ದುಬಿಡಬೇಕು. ಕೀರ್ತನೆ 121 ಓದಿ ಪ್ರಾರ್ಥಿಸುವ ಮುಂಚೆಯೂ ಕೇಳಬೇಕು, ಮನೆಯಲ್ಲಿ ಬೇರೆ ನಂಬಿಕೆಯವರಿರಬಹುದು. ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ ಭೇಟಿ ಉಪಯೋಗವಿಲ್ಲ, ಅಲ್ಲಿ ಹೊರಗಿನವರನ್ನು ಬಿಡುವುದೇ ಕಷ್ಟ. ಅವರಿಗೆ ಬೇಕಾದದ್ದು ಭಾನುವಾರ ಮಧ್ಯಾಹ್ನದ ಮನೆಯೂಟ. ಅನ್ನ, ಸಾರು, ಒಂದು ಪಲ್ಯ ಇದ್ದರೂ ಆಯಿತು. ಒಂದು ಮನೆಯವರು ತಿಂಗಳಿಗೆ ಒಮ್ಮೆ ಇಬ್ಬರನ್ನು ಕರೆದರೆ ಭಾರವಾಗುವುದಿಲ್ಲ.

ಸಭೆ ಚಿಕ್ಕದು, ಕೈಗಳು ಕಡಿಮೆ ಅಂದರೆ ಟೀಯನ್ನು ತಿಂಗಳ ಮೊದಲ ಭಾನುವಾರಕ್ಕೆ ಇಳಿಸಿ. ಬಾಗಿಲಿನ ಇಬ್ಬರನ್ನು ಮಾತ್ರ ಯಾವ ವಾರವೂ ಬಿಡಬೇಡಿ. ಅವರ ಕೈಯಲ್ಲೊಂದು ಚಿಕ್ಕ ನೋಟ್ ಪುಸ್ತಕ ಇರಲಿ. ಎರಡು ವಾರ ಬಂದು ಮೂರನೇ ವಾರ ಕಾಣದವರ ಹೆಸರಿಗೆ ಗುರುತು ಹಾಕಿ ಆ ಸಂಜೆಯೇ ಫೋನ್ ಮಾಡಿ. "ಯಾಕೆ ಬರಲಿಲ್ಲ?" ಎಂದು ಕೇಳಬೇಡಿ, "ಹೇಗಿದ್ದೀರಿ?" ಎಂದು ಕೇಳಿ.