ಪ್ರಾಣಿಯ ತಲೆಯೋ, ಮನುಷ್ಯನ ನಡೆಯೋ?

ಮನುಷ್ಯರನ್ನು ಹೋಲುವ ಪ್ರಾಣಿಯನ್ನು ಚಿತ್ರಿಸಲು ಹೊರಟಿದ್ದೀರಾ? ನಿಮ್ಮ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಮನುಷ್ಯನ ಮೈಗೆ ಪ್ರಾಣಿಯ ತಲೆ. ಇದು ತುಂಬಾ ಹಳೆಯ ದಾರಿ. ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಸಿಕ್ಕ ಮ್ಯಾಮತ್ (ಅಳಿದುಹೋದ ಆನೆಜಾತಿ) ದಂತದ ಸಿಂಹಮಾನವ ಮೂರ್ತಿಗೆ ಸುಮಾರು 40,000 ವರ್ಷ. ಎತ್ತರ ಬರೀ 31 ಸೆಂ.ಮೀ.! ಪ್ರಾಚೀನ ಈಜಿಪ್ಟಿನ ದೇವರು ಅನೂಬಿಸ್‌ಗೆ ಗುಳ್ಳೆನರಿಯ ತಲೆ. ಸಮಾಧಿಗಳ ಸುತ್ತ ಅಲೆಯುವ ಪ್ರಾಣಿಯನ್ನೇ ಸತ್ತವರ ಕಾವಲಿಗೆ ನಿಲ್ಲಿಸಿದರು. ಅವನ ಕಪ್ಪು ಬಣ್ಣ ಬರೀ ಸಾವಿನದಲ್ಲ, ನೈಲ್ ನದಿಯ ಫಲವತ್ತಾದ ಮಣ್ಣಿನದೂ ಹೌದು, ಮರುಹುಟ್ಟಿನದೂ ಹೌದು. ಹೆದರಿಕೆಯನ್ನು ಹೀಗೆ ಭರವಸೆಯಾಗಿ ತಿರುಗಿಸಿದ್ದು ನನಗೆ ತುಂಬಾ ಇಷ್ಟ.

ಎರಡನೆಯದರಲ್ಲಿ ಮೈಯೆಲ್ಲ ಪ್ರಾಣಿಯದು, ನಡೆ ಮಾತ್ರ ಮನುಷ್ಯನದು. ಜಪಾನಿನ ಕೊಝಾನ್‌ಜಿ ದೇವಾಲಯದ 12-13ನೇ ಶತಮಾನದ ಸುರುಳಿಚಿತ್ರಗಳಲ್ಲಿ ಕಪ್ಪೆ, ಮೊಲಗಳು ಕುಸ್ತಿ ಆಡುತ್ತವೆ. ಕೋತಿ ಸನ್ಯಾಸಿ ಕಪ್ಪೆಯನ್ನೇ ಬುದ್ಧನೆಂದು ಪೂಜಿಸುತ್ತದೆ.

ಗಾಂಭೀರ್ಯ, ಭಕ್ತಿ ಬೇಕಿದ್ದರೆ ಮೊದಲನೆಯದು. ಮನುಷ್ಯರ ನಡವಳಿಕೆಯನ್ನು ಚುಡಾಯಿಸಬೇಕಾದರೆ ಎರಡನೆಯದೇ ಸರಿ. ಪ್ರಾಣಿಯನ್ನು ಮಾತ್ರ ಸುಮ್ನೆ ಆರಿಸಬೇಡಿ. ಗ್ರೀಕರಿಗೆ ಗೂಬೆ ಜ್ಞಾನದೇವತೆ ಅಥೀನಾಳ ಜಾಣ ಹಕ್ಕಿ, ಬೇರೆ ಎಷ್ಟೋ ಕಡೆ ಅಪಶಕುನ. ಚೀನಾದಲ್ಲಂತೂ ಬಾವಲಿ ಅದೃಷ್ಟದ ಗುರುತು, ಬಾವಲಿಯ ಚೀನೀ ಹೆಸರಿನ ಕೊನೆಯ ಅಕ್ಷರಕ್ಕೂ ಅದೃಷ್ಟ ಎಂಬ ಪದಕ್ಕೂ ಉಚ್ಚಾರ ಒಂದೇ.