ಮಡಿಕೇರಿಯಲ್ಲಿ ಮನೆಗೆಲಸಕ್ಕೆ ಜನ ಕೊಡುವ ಏಜೆನ್ಸಿ: 5ರಲ್ಲಿ 2 ಸ್ಟಾರ್

ನಮ್ಮ ಮನೆಗೆ ಬರುವ ಅಕ್ಕ ಸಿಕ್ಕಿದ್ದು ಇವರಿಂದಲೇ, ಆ 2 ಸ್ಟಾರ್ ಅದಕ್ಕೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ, ಅಕ್ಕ ಒಲೆ ಪಕ್ಕ ಹಗ್ಗ ಕಟ್ಟಿ ಒಂದೊಂದನ್ನೇ ತಿರುವಿ ಹಾಕಿ ಒಣಗಿಸುತ್ತಾರೆ. ಮೇ ತಿಂಗಳಲ್ಲಿ ನಾವು 15 ದಿನ ಊರಲ್ಲಿರಲಿಲ್ಲ. ಪೂರ್ತಿ ಸಂಬಳ ಏಜೆನ್ಸಿಗೆ ಕಟ್ಟಿಯೇ ಹೋಗಿದ್ದೆವು, ಆದರೆ ಕೆಲಸ ಇರಲಿಲ್ಲ ಅಂತ ಹೇಳಿ ಅಕ್ಕನಿಗೆ ಅರ್ಧವೇ ಕೊಟ್ಟಿದ್ದಾರೆ. ರಜೆ ಹಾಕಿದ್ದು ನಾವು, ಅಕ್ಕ ಅಲ್ಲ. ಶಾಲೆ ಶುರುವಾಗುವ ಹೊತ್ತು, ಮಕ್ಕಳಿಗೆ ಕೊಡೆ, ಪುಸ್ತಕ ಅಂತ ಖರ್ಚು ಜಾಸ್ತಿ, ಆಗಲೇ ಹೀಗೆ ಮಾಡಿದರೆ ಪಾಪ ಯಾರ ಹತ್ರ ಸಾಲ ಕೇಳಬೇಕು? ಮೂರು ಸಲ ಫೋನ್ ಮಾಡಿದ ಮೇಲೆ ಬಾಕಿ ಕೊಟ್ಟರು. ಇವರಲ್ಲಿ ಜನ ಕೇಳುವವರು ರಜೆ ಸಂಬಳದ ವಿಷಯ ಮೊದಲೇ ಬರೆಸಿಕೊಳ್ಳಿ. ನಾವಂತೂ ಈಗ ಹೊರಡುವ ಹಿಂದಿನ ದಿನ ಅಕ್ಕನ ಕೈಗೇ ಕೊಡುತ್ತೇವೆ.